ಎಪ್ಪತ್ತೆರಡರಲ್ಲೊಂದು ಪಾಲಿನ ಯುದ್ಧವಿಮಾನ

ಆಟಿಕೆಗೂ ಪ್ರತಿಕೃತಿಗೂ ಇರುವ ಅಂತರವನ್ನು ಮೊದಲು ಮನಗಾಣುವುದು ಲೇಸು. ಜಾತ್ರೆಯಲ್ಲಿ ಕೊಂಡ ತಗಡಿನ ವಿಮಾನಕ್ಕೆ ರೆಕ್ಕೆ, ಬಾಲ, ಗಾಲಿಗಳಿದ್ದರೆ ಸಾಕು. ಉಳಿದುದನ್ನು ಮಗುವಿನ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಅದು ಯಾವ ದೇಶದ, ಯಾವ ಕಾಲದ ವಿಮಾನವೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಪ್ರಮಾಣಬದ್ಧ ಪ್ರತಿಕೃತಿಯ ಮಾತು ಬೇರೆ. ಅದು ಮೇಜಿನ ಮೇಲೆ ಕುಳಿತು, “ಇಂಥ ವಿಮಾನವು ಇಂಥ ದಿನಗಳಲ್ಲಿ ಹೀಗಿತ್ತು” ಎಂದು ಸಾಕ್ಷಿ ನುಡಿಯುತ್ತದೆ. ಸಾಕ್ಷಿ ಎಂದ ಮೇಲೆ ಅದು ದಿಟವನ್ನಾದರೂ ಹೇಳಬೇಕು, ಸುಳ್ಳನ್ನಾದರೂ ಹೇಳಬೇಕು. ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಹಳೆಯ ಯುದ್ಧವಿಮಾನವೊಂದರ ಪ್ರತಿಕೃತಿಯನ್ನು ರಚಿಸಿ ಅದಕ್ಕೆ ಬಣ್ಣ ಬಳಿಯುವ ಹವ್ಯಾಸವು ಮೇಲ್ನೋಟಕ್ಕೆ ಬಿಡುವಿನ ವೇಳೆಯ ವಿನೋದವೆಂದು ತೋರಿದರೂ, ಅದರ ಹೆಜ್ಜೆ ಹೆಜ್ಜೆಗೂ ಈ ದಿಟ-ಸುಳ್ಳಿನ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಅದು ಹೇಗೆಂಬುದನ್ನು ಒಂದೇ ಒಂದು ವಿಮಾನವನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಆ ವಿಮಾನ ನ್ಯಾಟ್. ಇಂಗ್ಲಿಷಿನಲ್ಲಿ ಈ ಹೆಸರಿಗೆ ಕಣ್ಣ ಮುಂದೆ ಗುಂಯ್‌ಗುಟ್ಟುವ ಸಣ್ಣ ನೊಣ, ನಮ್ಮ ಗುಂಗಾಡು, ಎಂದು ಅರ್ಥ. ಇದನ್ನು ರೂಪಿಸಿದವರು ಇಂಗ್ಲೆಂಡಿನ ಫಾಲಂಡ್ ಕಂಪನಿಯ ಡಬ್ಲ್ಯೂ. ಇ. ಡಬ್ಲ್ಯೂ. ಪೆಟರ್. ಕ್ಯಾನ್‌ಬೆರಾ ಬಾಂಬರ್ ವಿಮಾನದ ವಿನ್ಯಾಸವೂ ಇವರದೇ. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತ, ದುಬಾರಿಯಾಗುತ್ತ ನಡೆದಿರುವುದು ಸರಿಯಲ್ಲವೆಂಬುದು ಪೆಟರ್ ಅವರ ದೃಢ ನಿಲುವಾಗಿತ್ತು. ಚಿಕ್ಕದು, ಹಗುರವಾದುದು, ಅಗ್ಗವಾದುದು ಆದರೂ ದೊಡ್ಡವುಗಳಿಗೆ ಸರಿಮಿಗಿಲಾಗಬಲ್ಲ ವಿಮಾನವೊಂದು ಸಾಧ್ಯವೆಂದು ಅವರು ವಾದಿಸಿದರು. ಪ್ರಯೋಗಾರ್ಥವಾಗಿ ನಿರ್ಮಿಸಿದ ಮಿಜ್ ಎಂಬ ವಿಮಾನವು 1954ರ ಆಗಸ್ಟಿನಲ್ಲಿಯೂ ನ್ಯಾಟ್ 1955ರ ಜುಲೈ 18ರಂದೂ ಮೊದಲ ಬಾರಿಗೆ ಹಾರಿದವು. ಬ್ರಿಟಿಷ್ ವಾಯುಪಡೆ ಈ ಒಂಟಿ ಆಸನದ ಕಾದಾಟದ ವಿಮಾನವನ್ನು ಪರೀಕ್ಷಿಸಿ ನೋಡಿತಾದರೂ ಪಡೆಗೆ ಸೇರಿಸಿಕೊಳ್ಳಲಿಲ್ಲ. ಎರಡು ಆಸನಗಳ ತರಬೇತಿ ವಿಮಾನವನ್ನು ಮಾತ್ರ ಸ್ವೀಕರಿಸಿತು. ಒಂಟಿ ಆಸನದ ನ್ಯಾಟನ್ನು ನೆಚ್ಚಿ ದೊಡ್ಡ ಸಂಖ್ಯೆಯಲ್ಲಿ ಬಳಸಿದ ದೇಶ ಭಾರತ. 1956ರಲ್ಲಿ ಒಪ್ಪಂದವಾಯಿತು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ವಿಮಾನ ಕಾರ್ಖಾನೆಯಲ್ಲಿಯೇ ನ್ಯಾಟ್‌ಗಳ ತಯಾರಿಕೆ ಆರಂಭವಾಯಿತು. ಅದರ ಆರ್ಫಿಯಸ್ ಜೆಟ್ ಎಂಜಿನ್ನು ಕೂಡ ಅಲ್ಲಿಯೇ ತಯಾರಾಯಿತು. ಪೆಟರ್ ಅವರ ವಿಷಯವಾಗಿ ಇನ್ನೊಂದು ಮಾತನ್ನು ಇಲ್ಲಿ ಹೇಳದಿರಲಾಗದು: 1960ರ ಹೊತ್ತಿಗೆ ಅವರು ವಿಮಾನರಂಗವನ್ನು ಪೂರ್ಣವಾಗಿ ತೊರೆದು ಸ್ವಿಟ್ಜರ್ಲೆಂಡಿನ ಧಾರ್ಮಿಕ ಸಮುದಾಯವೊಂದನ್ನು ಸೇರಿದರು, ಮತ್ತೆಂದೂ ಈ ಕಡೆ ತಿರುಗಿ ನೋಡಲಿಲ್ಲ.

ಪ್ರತಿಕೃತಿ ನಿರ್ಮಾಣದ ಮೂಲಮಂತ್ರ ಒಂದು ಸಂಖ್ಯೆ. ಕಿಟ್ಟಿನ ಪೆಟ್ಟಿಗೆಯ ಮೇಲೆ 1/72 ಎಂದು ಅಚ್ಚಾಗಿರುತ್ತದೆ. ನಿಜವಾದ ವಿಮಾನದ ಪ್ರತಿಯೊಂದು ಅಳತೆಯನ್ನೂ ಎಪ್ಪತ್ತೆರಡರಿಂದ ಭಾಗಿಸಿದೆ ಎಂದು ಇದರ ತಾತ್ಪರ್ಯ. ನೂರೋ ಐವತ್ತೋ ಆಗದೆ ಎಪ್ಪತ್ತೆರಡೇ ಏಕೆ? ಒಂದು ಅಂಗುಲಕ್ಕೆ ಆರು ಅಡಿ ಎಂಬ ಸರಳ ಲೆಕ್ಕದಿಂದ ಈ ಸಂಖ್ಯೆ ಬಂದಿತು. 1936ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾಗ್ ಪೆಂಗ್ವಿನ್ ಎಂಬ ಹೆಸರಿನಲ್ಲಿ ಹೊರಬಂದ ವಿಮಾನ ಕಿಟ್ಟುಗಳು ಇದೇ ಪ್ರಮಾಣವನ್ನು ಅನುಸರಿಸಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಇನ್ನಷ್ಟು ಭದ್ರವಾಗಿ ನೆಲೆಗೊಂಡಿತು. ಅದರ ಹಿಂದಿನ ಪ್ರಸಂಗವು ಶಾಲಾ ಮಕ್ಕಳಿಗೆ ಸಂಬಂಧಿಸಿದ್ದು.

ಆಕಾಶದಲ್ಲಿ ಬರುತ್ತಿರುವ ವಿಮಾನ ಮಿತ್ರರದೋ ಶತ್ರುಗಳದೋ ಎಂದು ಕ್ಷಣಮಾತ್ರದಲ್ಲಿ ಗುರುತಿಸಲಾರದೆ ಸೈನಿಕರು ತಮ್ಮವರ ಮೇಲೆಯೇ ಗುಂಡು ಹಾರಿಸುವ ಅನಾಹುತಗಳು ಆ ಯುದ್ಧದಲ್ಲಿ ಸಂಭವಿಸುತ್ತಿದ್ದವು. ಇದನ್ನು ತಪ್ಪಿಸಲು ವಿಮಾನಗಳ ಆಕಾರವನ್ನು ಕಣ್ಣಿಗೆ ರೂಢಿ ಮಾಡಿಸಬೇಕಾಗಿತ್ತು. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆಯು ತನ್ನ ದೇಶದ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ ಐದು ಲಕ್ಷ ವಿಮಾನ ಮಾದರಿಗಳನ್ನು ಬೇಡಿತು. ಹುಡುಗ ಹುಡುಗಿಯರು ಮರವನ್ನು ಕೆತ್ತಿ, ನಯಗೊಳಿಸಿ, ಕಪ್ಪು ಬಣ್ಣ ಬಳಿದು, 1/72ರ ಪ್ರಮಾಣದಲ್ಲಿ ಅವನ್ನು ಮಾಡಿಕೊಟ್ಟರು. ಹತ್ತು ಮೀಟರು ದೂರದಲ್ಲಿ ಹಿಡಿದ ಮಾದರಿಯು ಏಳುನೂರ ಇಪ್ಪತ್ತು ಮೀಟರು ದೂರದಲ್ಲಿ ಹಾರುವ ನಿಜ ವಿಮಾನದಷ್ಟೇ ದೊಡ್ಡದಾಗಿ ಕಣ್ಣಿಗೆ ಕಾಣುತ್ತದೆ. ಹೀಗೆ ತರಗತಿಯ ಕೋಣೆಯೇ ಆಕಾಶದ ವಿಸ್ತಾರವನ್ನು ಪಡೆಯಿತು. ಅಂಥ ಮಾದರಿಯಲ್ಲಿ ರೆಕ್ಕೆ ತುಸು ಉದ್ದವಾದರೂ ಅದನ್ನು ನೋಡಿ ಕಲಿತವನು ನಾಳೆ ಗುರುತು ತಪ್ಪಬಹುದು. ಅವನ ತಪ್ಪಿಗೆ ಮೇಲಿರುವವನು ಪ್ರಾಣ ತೆರಬೇಕಾಗಬಹುದು. ಆದುದರಿಂದ ಅಳತೆಗೆ ಹೊಂದದ ಮಾದರಿಗಳು ತಿರಸ್ಕೃತವಾಗುತ್ತಿದ್ದವು. ಇಂದಿನ ಹವ್ಯಾಸಿಯ ಕೈಯಲ್ಲಿ ಯಾರ ಜೀವವೂ ಇಲ್ಲ, ನಿಜ. ಆದರೆ ಅಳತೆಯ ಶಿಸ್ತು ಆ ಮೂಲದಿಂದಲೂ ಬಂದದ್ದು.

ಈಗ ನ್ಯಾಟ್‌ನ ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದು. ನ್ಯಾಟ್‌ನ ರೆಕ್ಕೆಯ ಹರವು 6.73 ಮೀಟರು. ಎಪ್ಪತ್ತೆರಡರಿಂದ ಭಾಗಿಸಿದರೆ ಸುಮಾರು 93 ಮಿಲಿಮೀಟರು. ಉದ್ದ ಸುಮಾರು 8.74 ಮೀಟರು, ಅಂದರೆ ಮಾದರಿಯಲ್ಲಿ 121 ಮಿಲಿಮೀಟರು. ಅಂಗೈ ಮೇಲೆ ಕೂರುವ ಗಾತ್ರ. ಅದರ ಎದುರಾಳಿಯಾಗಿದ್ದ ಅಮೆರಿಕದಲ್ಲಿ ನಿರ್ಮಿತವಾದ ಸೇಬರ್ ವಿಮಾನದ ರೆಕ್ಕೆಯ ಹರವು ಸುಮಾರು 11.3 ಮೀಟರು, ಅದೇ ಪ್ರಮಾಣದಲ್ಲಿ 157 ಮಿಲಿಮೀಟರು. ಪುಸ್ತಕದಲ್ಲಿ ಈ ಎರಡು ಸಂಖ್ಯೆಗಳನ್ನು ಓದಿದರೆ ಮನಸ್ಸಿಗೆ ವಿಶೇಷವಾಗಿ ಏನೂ ನಾಟುವುದಿಲ್ಲ. ಎರಡೂ ಪ್ರತಿಕೃತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇಟ್ಟಾಗ, ಸೇಬರ್ ವಿಮಾನದ ಚಾಲಕನಿಗೆ ನ್ಯಾಟನ್ನು ಆಕಾಶದಲ್ಲಿ ಹುಡುಕುವುದು ಏಕೆ ಅಷ್ಟು ಕಷ್ಟವಾಯಿತೆಂಬುದು ವಿವರಣೆಯಿಲ್ಲದೆ ತಿಳಿದುಬಿಡುತ್ತದೆ. ಒಂದು ಹದ್ದು, ಇನ್ನೊಂದು ಗುಬ್ಬಿ. ಎಲ್ಲ ಮಾದರಿಗಳನ್ನೂ ಒಂದೇ ಪ್ರಮಾಣದಲ್ಲಿ ಕಟ್ಟಬೇಕೆಂದು ಹಳಬರು ಹಟ ಹಿಡಿಯುವುದು ಈ ಕಾರಣದಿಂದಲೇ.

ಉದ್ದವನ್ನು ಎಪ್ಪತ್ತೆರಡರಿಂದ ಭಾಗಿಸಿದಾಗ ಮೇಲ್ಮೈ ವಿಸ್ತೀರ್ಣವು 5,184 ಪಾಲು ಕುಗ್ಗುತ್ತದೆ. ಘನಗಾತ್ರವು 3,73,248 ಪಾಲು ಕುಗ್ಗುತ್ತದೆ. ನ್ಯಾಟ್‌ನ ಬರಿದಾದ ತೂಕ ಸುಮಾರು 2,175 ಕಿಲೋಗ್ರಾಂ. ಅದನ್ನು ಅದೇ ಲೋಹದಿಂದ, ಅದೇ ಸಾಂದ್ರತೆಯಿಂದ ಈ ಪ್ರಮಾಣಕ್ಕೆ ಕುಗ್ಗಿಸಲು ಸಾಧ್ಯವಿದ್ದರೆ ಅದು ಆರು ಗ್ರಾಂ ತೂಗುತ್ತಿರಲಿಲ್ಲ! ಗಟ್ಟಿಯಾದ ಲೋಹದ ಹಕ್ಕಿ ಎಂದು ನಾವು ಭಾವಿಸುವ ವಿಮಾನವು ಎಷ್ಟು ತೆಳುವಾದ ತಗಡಿನ, ಎಷ್ಟು ಪೊಳ್ಳಾದ ರಚನೆ ಎಂಬುದು ಈ ಒಂದು ಲೆಕ್ಕದಿಂದ ಗೊತ್ತಾಗುತ್ತದೆ.

ಇನ್ನು ಕಿಟ್ಟಿನ ವಿಷಯ. ಪೆಟ್ಟಿಗೆಯನ್ನು ಬಿಚ್ಚಿದರೆ ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವುಗಳಿಗೆ ಎಲೆಗಳಂತೆ ತಗುಲಿಕೊಂಡ ಬಿಡಿ ಭಾಗಗಳು, ಪಾರದರ್ಶಕವಾದ ಒಂದೆರಡು ತುಂಡುಗಳು, ಗುರುತುಚಿತ್ರಗಳ ಒಂದು ಹಾಳೆ, ಜೋಡಣೆಯ ಸೂಚನಾಪತ್ರ. ಈ ಪ್ಲಾಸ್ಟಿಕ್ಕಿನ ಹೆಸರು ಪಾಲಿಸ್ಟೈರೀನ್. ಇದನ್ನು ಕಾಯಿಸಿ ದ್ರವಸ್ಥಿತಿಗೆ ತಂದು, ಉಕ್ಕಿನ ಎರಡು ಅಚ್ಚುಗಳ ನಡುವೆ ಭಾರಿ ಒತ್ತಡದಿಂದ ನುಗ್ಗಿಸಿ, ತಣಿಸಿ ಹೊರತೆಗೆಯುತ್ತಾರೆ. ದ್ರವ ಹರಿದ ಕಾಲುವೆಗಳೇ ಆರಿದ ಬಳಿಕ ಚೌಕಟ್ಟಾಗಿ ಉಳಿಯುತ್ತವೆ. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಕೂದಲೆಳೆಯಂಥ ಏಣು ಮೂಡುತ್ತದೆ. ಅಚ್ಚಿನಿಂದ ತುಂಡನ್ನು ತಳ್ಳುವ ಸರಳುಗಳು ದುಂಡನೆಯ ಕಲೆಗಳನ್ನು ಬಿಡುತ್ತವೆ. ಇವು ವಿಮಾನದ ಮೇಲಿದ್ದ ಗುರುತುಗಳಲ್ಲ, ಕಾರ್ಖಾನೆಯ ಗುರುತುಗಳು. ಆದುದರಿಂದ ಅವನ್ನು ಉಜ್ಜಿ ತೆಗೆಯಲೇಬೇಕು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1953ರಲ್ಲಿ ಸ್ಪಿಟ್‌ಫೈರ್ ವಿಮಾನದ ಕಿಟ್ಟನ್ನು ಅಗ್ಗದ ದರಕ್ಕೆ ಮಾರತೊಡಗಿದ ಮೇಲೆ ಈ ಹವ್ಯಾಸ ಜನಸಾಮಾನ್ಯರ ಮನೆಗಳನ್ನು ಹೊಕ್ಕಿತು.

ಕೊಳ್ಳುವಾಗ ಒಂದು ಎಚ್ಚರ ಅಗತ್ಯ. ಬ್ರಿಟಿಷರು ಬಳಸಿದ್ದು ಎರಡು ಆಸನಗಳ ತರಬೇತಿ ನ್ಯಾಟ್ ಆದ್ದರಿಂದ ಅಲ್ಲಿನ ಕಿಟ್ಟುಗಳೂ ಬಹುಪಾಲು ಅದರವೇ. 1965ರಿಂದ 1979ರವರೆಗೆ ಬ್ರಿಟಿಷ್ ವಾಯುಪಡೆಯ ‘ರೆಡ್ ಆರೋಸ್’ ಪ್ರದರ್ಶನ ತಂಡವು ಹಾರಿಸುತ್ತಿದ್ದ ಕೆಂಪು ವಿಮಾನಗಳು ಇವೇ. ಪೆಟ್ಟಿಗೆಯ ಮೇಲೆ ನ್ಯಾಟ್ ಎಂದೇ ಇರುತ್ತದೆ. ಆದರೆ ಅದರ ರೆಕ್ಕೆಯ ಹರವು 7.3 ಮೀಟರಿಗೂ ಮಿಗಿಲು, ಉದ್ದ ಸುಮಾರು 9.7 ಮೀಟರು. ಮಾದರಿಯಲ್ಲಿ ಹರವು ಎಂಟು ಮಿಲಿಮೀಟರು, ಉದ್ದ ಹದಿಮೂರು ಮಿಲಿಮೀಟರು ಹೆಚ್ಚು. ಹಿಂದಿನ ಆಸನವನ್ನು ಮುಚ್ಚಿಬಿಟ್ಟು ಭಾರತದ ಚಿಹ್ನೆಗಳನ್ನು ಅಂಟಿಸಿದರೆ ಅದು ನಮ್ಮ ನ್ಯಾಟ್ ಆಗುವುದಿಲ್ಲ. ಒಂಟಿ ಆಸನದ ನ್ಯಾಟ್‌ನ ಕಿಟ್ಟುಗಳು ಬಹುಕಾಲ ವಿರಳವಾಗಿದ್ದವು. ಇತ್ತೀಚಿನ ವರ್ಷಗಳಲ್ಲಿ ಚೆಕ್ ಗಣರಾಜ್ಯದಿಂದ ಒಳ್ಳೆಯವು ಬಂದಿವೆ. ಬೆಂಗಳೂರಿನಲ್ಲಿಯೇ ನ್ಯಾಟನ್ನು ಸುಧಾರಿಸಿ 1970ರ ದಶಕದಲ್ಲಿ ನಿರ್ಮಿಸಿದ ಅಜೀತ್ ವಿಮಾನವನ್ನೂ ಇದರೊಂದಿಗೆ ಬೆರೆಸಬಾರದು. ಅಜೀತ್‌ನ ರೆಕ್ಕೆಯೊಳಗೇ ಇಂಧನ ತುಂಬುವ ವ್ಯವಸ್ಥೆಯಿತ್ತು. ಇದರಿಂದ ರೆಕ್ಕೆಯಡಿ ಶಸ್ತ್ರಗಳನ್ನು ತೂಗುಹಾಕಲು ಹೆಚ್ಚಿನ ಅವಕಾಶ ದೊರೆಯಿತು.

ಜೋಡಣೆಯ ಮೊದಲ ಕೆಲಸ ಸಾಬೂನು ನೀರಿನಲ್ಲಿ ಚೌಕಟ್ಟುಗಳನ್ನು ತೊಳೆಯುವುದು. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಕೈಯಿಂದ ಮುರಿದು ತೆಗೆಯದೆ ಹರಿತವಾದ ಅಲಗಿನಿಂದ ಕತ್ತರಿಸಬೇಕು. ಅಲಗು ಸದಾ ಮೈಯಿಂದ ಆಚೆಗೆ ಚಲಿಸುವಂತಿರಬೇಕು. ಅಂಟಿನ ವಿಷಯದಲ್ಲಿ ಬಹಳ ಜನರಿಗೆ ತಪ್ಪು ಕಲ್ಪನೆಯಿದೆ. ಪಾಲಿಸ್ಟೈರೀನ್‌ಗೆ ಬಳಸುವ ದ್ರವವು ಗೋಂದಿನಂತೆ ನಡುವೆ ನಿಂತು ಎರಡನ್ನು ಹಿಡಿದುಕೊಳ್ಳುವುದಿಲ್ಲ. ಅದು ಎರಡೂ ಅಂಚುಗಳನ್ನು ಕ್ಷಣಕಾಲ ಕರಗಿಸುತ್ತದೆ; ಕರಗಿದ ಪ್ಲಾಸ್ಟಿಕ್ ಪರಸ್ಪರ ಬೆರೆಯುತ್ತದೆ; ದ್ರಾವಕ ಆರಿಹೋದ ಮೇಲೆ ಅಲ್ಲಿ ಅಂಟು ಉಳಿದಿರುವುದಿಲ್ಲ, ಒಂದೇ ಪ್ಲಾಸ್ಟಿಕ್ ಇರುತ್ತದೆ. ಇದು ಬೆಸುಗೆಯೇ ಹೊರತು ಅಂಟಿಸುವಿಕೆ ಅಲ್ಲ. ಆದ್ದರಿಂದ ಸಣ್ಣ ಕುಂಚದಿಂದ ಒಂದು ಹನಿ ತಾಗಿಸಿದರೆ ಸಾಕು. ಸಂದಿನೊಳಗೆ ಅದು ತಾನಾಗಿಯೇ ಹರಿಯುತ್ತದೆ. ಹೆಚ್ಚು ಸುರಿದರೆ ವಿಮಾನದ ಮೈಯೇ ಕರಗಿ ಬೆರಳಚ್ಚು ಶಾಶ್ವತವಾಗಿ ಉಳಿಯುವುದು. ಕಿಟಕಿ ತೆರೆದ ಕೋಣೆಯಲ್ಲಿಯೇ ಈ ಕೆಲಸ ಮಾಡಬೇಕು. ಆವಿಯು ಆರೋಗ್ಯಕ್ಕೆ ಒಳ್ಳೆಯದಲ್ಲ. ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಈ ದ್ರವವಾಗಲಿ, ಕ್ಷಣದಲ್ಲಿ ಹಿಡಿಯುವ ಇತರ ಅಂಟುಗಳಾಗಲಿ ಕೂಡದು, ಗಾಜು ಮಬ್ಬಾಗುತ್ತದೆ. ಬಡಗಿಗಳು ಬಳಸುವ ಬಿಳಿಯ ಅಂಟು ಅದಕ್ಕೆ ಸಾಕು.

ಒಡಲಿನ ಎರಡು ಹೋಳುಗಳನ್ನು ಕೂಡಿಸುವ ಮುನ್ನ ಮೂತಿಯೊಳಗೆ ಸೀಸದ ಚೂರುಗಳನ್ನು ಭದ್ರಪಡಿಸುವುದನ್ನು ಮರೆಯಬಾರದು. ನಿಜವಾದ ವಿಮಾನದಲ್ಲಿ ತೂಕ ಹಂಚಿಕೆಯಾದಂತೆ ಪ್ಲಾಸ್ಟಿಕ್ಕಿನಲ್ಲಿ ಆಗುವುದಿಲ್ಲ. ಸೀಸವಿಲ್ಲದಿದ್ದರೆ ವಿಮಾನ ಬಾಲದ ಮೇಲೆ ಕುಳಿತು ಮೂತಿಯನ್ನು ಆಕಾಶಕ್ಕೆ ಎತ್ತುತ್ತದೆ. ಮುಚ್ಚಿದ ಮೇಲೆ ಇದಕ್ಕೆ ಪರಿಹಾರವಿಲ್ಲ. ನ್ಯಾಟ್‌ನ ರೆಕ್ಕೆಗಳು ಒಡಲಿನ ಹೆಗಲ ಮಟ್ಟದಲ್ಲಿ ಕೂಡಿ, ಹಿಂದಕ್ಕೆ ಓರೆಯಾಗಿ, ತುದಿಗಳಲ್ಲಿ ತುಸು ಕೆಳಕ್ಕೆ ಬಾಗಿರುತ್ತವೆ. ಎರಡೂ ಕಡೆಯ ಬಾಗು ಸಮನಾಗಿದೆಯೇ ಎಂದು ಎದುರಿನಿಂದ, ಒಂದು ಕಣ್ಣು ಮುಚ್ಚಿ, ಅಂಟು ಆರುವ ಮೊದಲೇ ನೋಡಬೇಕು. ಸಂದುಗಳಿಗೆ ಪುಟ್ಟಿ ತುಂಬಿ, ಆರಿದ ಮೇಲೆ ನೀರು ತಾಗಿಸಿದ ನುಣುಪಾದ ಉಪ್ಪುಕಾಗದದಿಂದ ತಿಕ್ಕಬೇಕು. ಕಣ್ಣಿಗೆ ಕಾಣದ ಸಂದು ಉಗುರಿಗೆ ತಾಗುತ್ತದೆ.

ಇಲ್ಲಿಯೂ ಎಪ್ಪತ್ತೆರಡು ನಮ್ಮನ್ನು ಬಿಡುವುದಿಲ್ಲ. ಕಿಟ್ಟಿನ ರೆಕ್ಕೆಯ ಹಿಂದಂಚು ಅರ್ಧ ಮಿಲಿಮೀಟರು ದಪ್ಪವಿದ್ದರೆ ನಿಜ ವಿಮಾನದಲ್ಲಿ ಅದು 36 ಮಿಲಿಮೀಟರು, ಒಂದು ಮರದ ಹಲಗೆಯ ದಪ್ಪ! ಒಳಭಾಗದಿಂದ ಉಜ್ಜಿ ಅದನ್ನು ತೆಳುಗೊಳಿಸಬೇಕು. ತಗಡುಗಳು ಕೂಡುವ ಗೆರೆಯನ್ನು ಅಚ್ಚು ಮಾಡುವವರು 0.2 ಮಿಲಿಮೀಟರು ಅಗಲಕ್ಕೆ ಕೊರೆದಿದ್ದರೆ, ಅದು ನಿಜದಲ್ಲಿ ಹದಿನಾಲ್ಕು ಮಿಲಿಮೀಟರಿನ ಬಿರುಕು. ಅಂಥ ಬಿರುಕುಳ್ಳ ವಿಮಾನವನ್ನು ಯಾವ ಚಾಲಕನೂ ಏರಲಾರ. ಆದರೂ ಗೆರೆಯೇ ಇಲ್ಲದಿದ್ದರೆ ಅದು ಸಾಬೂನಿನ ತುಂಡಿನಂತೆ ಕಾಣುತ್ತದೆ. ಹೀಗೆ ಕೆಲವೆಡೆ ಪ್ರಮಾಣವನ್ನು ಮೀರಿದರಷ್ಟೆ ವಸ್ತು ನಿಜವೆನಿಸುತ್ತದೆ ಎಂಬ ವಿರೋಧಾಭಾಸವೂ ಈ ಕಲೆಯಲ್ಲಿದೆ. ಎಷ್ಟು ಮೀರಬಹುದು ಎಂಬುದಕ್ಕೆ ನಿಯಮವಿಲ್ಲ. ಈಗಿನ ಹಲವರು ಆ ಗೆರೆಗಳಿಗೆ ಕಪ್ಪು ಬಣ್ಣ ತುಂಬಿ ವಿಮಾನವನ್ನು ಹೆಂಚಿನ ಮನೆಯಂತೆ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ.

ಈಗ ಬಣ್ಣ. ಕುಂಚವನ್ನು ಅದ್ದುವ ಮೊದಲು ಉತ್ತರಿಸಬೇಕಾದ ಪ್ರಶ್ನೆ, ‘ಯಾವ ಬಣ್ಣ’ ಎಂಬುದಲ್ಲ. ‘ಯಾವ ದಿನ’ ಎಂಬುದು. ಒಂದೇ ನ್ಯಾಟ್ 1965ರ ಸೆಪ್ಟೆಂಬರಿನ ಆರಂಭದಲ್ಲಿ ಒಂದು ಬಗೆ, 1971ರ ಡಿಸೆಂಬರಿನಲ್ಲಿ ಇನ್ನೊಂದು ಬಗೆ. ಪ್ರತಿಕೃತಿಗಾದರೋ ಒಂದೇ ಮೈ. ಎರಡು ದಿನಗಳನ್ನು ಅದು ಒಟ್ಟಿಗೆ ತೋರಿಸಲಾರದು.

1965ರ ಯುದ್ಧ ಆರಂಭವಾದಾಗ ನಮ್ಮ ನ್ಯಾಟ್‌ಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಸೆಪ್ಟೆಂಬರ್ 3ರಂದು 23ನೆಯ ಸ್ಕ್ವಾಡ್ರನ್ನಿನ ಟ್ರೆವರ್ ಕೀಲರ್ ಅವರು ಸೇಬರ್ ವಿಮಾನವೊಂದನ್ನು ಉರುಳಿಸಿದ ಕೀರ್ತಿಗೆ ಪಾತ್ರರಾದಾಗ ಅವರ ಪಡೆಯ ವಿಮಾನಗಳ ರೂಪ ಅದೇ. ಆದರೆ ಹೊಳೆಯುವ ಲೋಹವು ಮೇಲಿನಿಂದ ನೋಡುವವನಿಗೆ ಕನ್ನಡಿಯಂತೆ ಮಿನುಗುತ್ತದೆ. ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ವಿಮಾನನೆಲೆಯ ಮೇಲೆ ದಾಳಿ ನಡೆದು ನೆಲದಲ್ಲಿ ನಿಂತಿದ್ದ ಹಲವಾರು ವಿಮಾನಗಳು ನಾಶವಾದವು. ಯುದ್ಧದ ಒತ್ತಡದಲ್ಲಿ ವಾಯುಪಡೆಯ ವಿಮಾನಗಳಿಗೆ ನೆಲದ ಬಣ್ಣಕ್ಕೆ ಹೊಂದುವ ಹಸಿರು, ಕಂದು ಬಣ್ಣಗಳನ್ನು ಆತುರಾತುರವಾಗಿ ಬಳಿಯುವ ಕಾರ್ಯ ನಡೆಯಿತು. 1971ರ ವೇಳೆಗೆ ಮರೆಮಾಚುವ ಬಣ್ಣವೇ ರೂಢಿಯಾಗಿತ್ತು. ಆದರೆ ಅದು ಎಲ್ಲ ವಿಮಾನಗಳಲ್ಲಿಯೂ ಒಂದೇ ತೆರನಾಗಿರಲಿಲ್ಲ. ಕಿಟ್ಟಿನ ಸೂಚನಾಪತ್ರವು ಒಂದು ಡಬ್ಬಿಯ ಸಂಖ್ಯೆಯನ್ನು ಖಚಿತವಾಗಿ ಕೊಡುತ್ತದೆ. ಆ ಖಚಿತತೆಯನ್ನು ನಂಬುವ ಮುನ್ನ ಆ ಕಾಲದ ಛಾಯಾಚಿತ್ರಗಳನ್ನು ನೋಡಬೇಕು. ವಸ್ತುಸಂಗ್ರಹಾಲಯಗಳಲ್ಲಿ ನಿಲ್ಲಿಸಿದ ವಿಮಾನವನ್ನೇ ನೋಡಿ ಬರೆದುಕೊಂಡೆ ಎನ್ನುವವರುಂಟು. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ನ್ಯಾಟ್ ಇದೆ; ಆಕಾರವನ್ನು, ಗಾಲಿಯ ಕೋಣೆಯನ್ನು, ಬಾಗಿಲುಗಳ ಒಳಮೈಯನ್ನು ತಿಳಿಯಲು ಅದಕ್ಕಿಂತ ಉತ್ತಮ ಗುರುವಿಲ್ಲ. ಆದರೆ ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಇಂದಿನ ಬಣ್ಣವನ್ನು ಅಂದಿನ ಸಾಕ್ಷಿಯಾಗಿ ಸ್ವೀಕರಿಸಲಾಗದು. ಪಾಕಿಸ್ತಾನದ ಕರಾಚಿಯ ಸಂಗ್ರಹಾಲಯದಲ್ಲಿಯೂ ಒಂದು ಭಾರತೀಯ ನ್ಯಾಟ್ ಇದೆ; 1965ರ ಸೆಪ್ಟೆಂಬರಿನಲ್ಲಿ ಅದು ಪಸ್ರೂರ್ ವಿಮಾನನೆಲೆಯಲ್ಲಿ ಇಳಿದು ಅವರ ವಶವಾಯಿತು. ಒಂದೇ ಯಂತ್ರ ಒಂದು ದೇಶದವರಿಗೆ ನೋವಿನ, ಇನ್ನೊಂದು ದೇಶದವರಿಗೆ ವಿಜಯದ ವಸ್ತು. ಮಾದರಿ ಮಾಡುವವನಿಗೆ ಎರಡೂ ನ್ಯಾಟ್‌ಗಳ ರೆಕ್ಕೆಯ ಅಳತೆ ಒಂದೇ.

ಬೆಳ್ಳಿ ಬಣ್ಣ, ಮರೆಮಾಚುವ ಬಣ್ಣ ಇವೆರಡರಲ್ಲಿ ಹೊಸಬರಿಗೆ ಯಾವುದು ಸುಲಭ? ಎರಡು ಮೂರು ಬಣ್ಣಗಳ ಅಂಕುಡೊಂಕು ಚಿತ್ತಾರಕ್ಕಿಂತ ಒಂದೇ ಬೆಳ್ಳಿ ಬಣ್ಣ ಸುಲಭವೆಂದು ತೋರುವುದು ಸಹಜ. ನಿಜಸ್ಥಿತಿ ಇದಕ್ಕೆ ವಿರುದ್ಧ. ಹಸಿರು, ಕಂದುಗಳ ಮಬ್ಬು ಬಣ್ಣವು ಬೆಳಕನ್ನು ಚದುರಿಸಿ ಸಣ್ಣ ಗೀರುಗಳನ್ನು ನುಂಗಿಕೊಳ್ಳುತ್ತದೆ. ಬೆಳ್ಳಿಯು ಬೆಳಕನ್ನು ಹಿಂತಿರುಗಿಸುವುದರಿಂದ ಅದರಡಿಯ ಒಂದೊಂದು ಗೀರೂ, ಪುಟ್ಟಿಯ ಒಂದೊಂದು ಚುಕ್ಕೆಯೂ ಎದ್ದು ಕಾಣುತ್ತದೆ. ಆದುದರಿಂದ ಮೊದಲು ಹೊಳಪಿನ ಕಪ್ಪನ್ನು ತೆಳುವಾಗಿ ಬಳಿದು, ಪೂರ್ತಿ ಆರಗೊಟ್ಟು, ದೋಷಗಳನ್ನು ತಿದ್ದಿ, ಅದರ ಮೇಲೆ ಬೆಳ್ಳಿಯನ್ನು ಮಂಜಿನಂತೆ ಸಿಂಪಡಿಸಬೇಕು. ಎಂಜಿನ್ನಿನ ಶಾಖ ತಾಗುವ ಹಿಂಭಾಗದ ತಗಡುಗಳು ತುಸು ಕಂದಿರಬೇಕು. ಇಷ್ಟೆಲ್ಲ ತೊಂದರೆಯಿದ್ದರೂ ನನ್ನ ಒಲವು ಬೆಳ್ಳಿಯ ನ್ಯಾಟ್ ಕಡೆಗೇ.

ಬಣ್ಣ ತೆಳುವಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ, ಏಕೆಂದು ಹೇಳುವವರು ಕಡಿಮೆ. ಕುಂಚದಿಂದ ಮಂದವಾಗಿ ಬಳಿದ ಪದರ 0.1 ಮಿಲಿಮೀಟರು ದಪ್ಪವಿದ್ದರೆ ಅದು ನಿಜ ವಿಮಾನದ ಮೇಲೆ ಏಳು ಮಿಲಿಮೀಟರಿನ ಗಾರೆ! ಕೊರೆದ ಗೆರೆಗಳು ಅದರಡಿ ಹೂತುಹೋಗುತ್ತವೆ. ಎನಾಮೆಲ್ ಬಣ್ಣವಾದರೆ ಟರ್ಪೆಂಟೈನಿನಲ್ಲಿ, ಅಕ್ರಿಲಿಕ್ ಆದರೆ ಅದಕ್ಕೆ ಹೇಳಿದ ದ್ರವದಲ್ಲಿ ಹಾಲಿನಷ್ಟು ತೆಳುವಾಗಿಸಿ ಎರಡು ಮೂರು ಸಲ ಬಳಿಯಬೇಕು. ಮೋಟಾರು ಗ್ಯಾರೇಜಿನಲ್ಲಿ ಸಿಗುವ ಥಿನ್ನರನ್ನು ಕುಂಚಕ್ಕೆ ಹಚ್ಚಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್ ಇದ್ದವರಿಗೆ ಅನುಕೂಲ ಹೆಚ್ಚು; ಇಲ್ಲದವರು ಒಳ್ಳೆಯ ಚಪ್ಪಟೆ ಕುಂಚದಿಂದ ಒಂದೇ ದಿಕ್ಕಿನಲ್ಲಿ ಎಳೆದರೆ ನಾಚಿಕೆ ಪಡಬೇಕಾದ ಕೆಲಸವೇನೂ ಆಗುವುದಿಲ್ಲ. ದೂರದ ಬೆಟ್ಟ ಹತ್ತಿರದ್ದಕ್ಕಿಂತ ಮಾಸಲಾಗಿ ಕಾಣುವಂತೆ ಮಾದರಿಯ ಬಣ್ಣವನ್ನೂ ಬಿಳಿ ಬೆರೆಸಿ ತಿಳಿಗೊಳಿಸಬೇಕೆಂದು ಒಂದು ಪಂಥವಿದೆ. ಕೆಲವೇ ಹನಿ ಬೆರೆಸುವುದಕ್ಕೆ ಅಡ್ಡಿಯಿಲ್ಲ.

ಗುರುತುಚಿತ್ರಗಳು ತೆಳು ಪೊರೆಯ ಮೇಲೆ ಮುದ್ರಿತವಾಗಿ ಕಾಗದಕ್ಕೆ ಅಂಟಿರುತ್ತವೆ. ನೀರಿನಲ್ಲಿ ನೆನೆಸಿದರೆ ಜಾರಿ ಬರುತ್ತವೆ. ಹೊಳಪಿನ ವಾರ್ನಿಶ್ ಬಳಿದ ಮೇಲಷ್ಟೆ ಅವನ್ನು ಕೂರಿಸಬೇಕು, ಒರಟು ಮೈಯಲ್ಲಿ ಪೊರೆಯಡಿ ಗಾಳಿ ಸಿಲುಕಿ ಬಿಳಿಚುತ್ತದೆ. ಭಾರತೀಯ ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಕೇಂದ್ರದಲ್ಲಿ ಹಸಿರು. ಇನ್ನು ಬಾಲದ ಬಳಿಯ ಸಂಖ್ಯೆ. ಯಾವ ಸಂಖ್ಯೆಯ ವಿಮಾನದ ಛಾಯಾಚಿತ್ರವನ್ನು ಕಣ್ಣಾರೆ ಕಂಡಿರುವೆವೋ ಆ ಸಂಖ್ಯೆಯನ್ನು ಮಾತ್ರ ಬರೆಯಬೇಕು. ಕಾಣದಿದ್ದರೆ ಆ ಜಾಗವನ್ನು ಖಾಲಿ ಬಿಡುವುದೇ ಮೇಲು.

ಇದೇಕೆ ಇಷ್ಟು ಬಿಗಿ ಎನ್ನುವವರಿಗೆ ಒಂದು ದಿನವನ್ನು ನೆನಪಿಸಬೇಕು. 1971ರ ಡಿಸೆಂಬರ್ 14ರಂದು ಶ್ರೀನಗರದ ವಿಮಾನನೆಲೆಯ ಮೇಲೆ ಆರು ಸೇಬರ್‌ಗಳು ದಾಳಿ ಮಾಡಿದವು. ಬಾಂಬುಗಳು ಬೀಳುತ್ತಿದ್ದ ಓಡುದಾರಿಯಿಂದಲೇ 18ನೆಯ ಸ್ಕ್ವಾಡ್ರನ್ನಿನ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ತಮ್ಮ ನ್ಯಾಟನ್ನು ಮೇಲಕ್ಕೇರಿಸಿ, ಒಬ್ಬರೇ ಅವುಗಳೊಂದಿಗೆ ಸೆಣಸಿದರು. ಕೊನೆಗೆ ಅವರ ವಿಮಾನ ಉರುಳಿತು. ವಿಮಾನದ ಅವಶೇಷ ಕಣಿವೆಯಲ್ಲಿ ಸಿಕ್ಕಿತು. ಎಷ್ಟು ಹುಡುಕಿದರೂ ಅವರ ಶರೀರ ದೊರೆಯಲಿಲ್ಲ. ಪರಮವೀರಚಕ್ರ ಪಡೆದ ವಾಯುಪಡೆಯ ಏಕೈಕ ಯೋಧ ಅವರು. ಅವರ ವಿಮಾನವನ್ನು ಮಾಡುತ್ತೇನೆಂದು ಹೊರಟವನು ತನ್ನ ಮನಸ್ಸಿಗೆ ಬಂದ ಹಸಿರನ್ನು ಬಳಿದು, ತೋಚಿದ ಸಂಖ್ಯೆಯನ್ನು ಬರೆದು, ಅಡಿಯಲ್ಲಿ ಅವರ ಹೆಸರಿನ ಫಲಕ ಇಟ್ಟರೆ ನೋಡುವವರಾರೂ ಕಂಡುಹಿಡಿಯಲಾರರು. ಕಂಡುಹಿಡಿಯಲಾರರು ಎಂಬ ಕಾರಣಕ್ಕಾಗಿಯೇ ಹಾಗೆ ಮಾಡಬಾರದು. ‘1971ರ ಡಿಸೆಂಬರಿನ ಒಂದು ನ್ಯಾಟ್’ ಎಂದು ಬರೆದರೆ ಸಾಕು.

ವಿದ್ಯಾಲಯದ ಮಕ್ಕಳು ಕೊಲ್ಲುವ ಯಂತ್ರದ ಮಾದರಿಯನ್ನೇಕೆ ಮಾಡಬೇಕೆಂದು ಹಿರಿಯರು ಆಕ್ಷೇಪಿಸುವುದುಂಟು. ಆಕ್ಷೇಪ ತಳ್ಳಿಹಾಕುವಂಥದಲ್ಲ. ನ್ಯಾಟ್‌ನ ಒಡಲಿನ ಎರಡೂ ಬದಿಗಳಲ್ಲಿ ಎಂಜಿನ್ನಿಗೆ ಗಾಳಿ ಸೆಳೆಯುವ ಬಾಯಿಗಳಿವೆ. ಒಂದೊಂದರ ಹೊರಮೈಯಲ್ಲಿ 30 ಮಿಲಿಮೀಟರಿನ ಒಂದೊಂದು ಫಿರಂಗಿ. ಅಚ್ಚಿನಲ್ಲಿ ಇವು ಮುಚ್ಚಿದ ಮೊಟುಕುಗಳಾಗಿರುತ್ತವೆ. ರಂಧ್ರವನ್ನು ನಾವೇ ಕೊರೆಯಬೇಕು. ಮೂವತ್ತನ್ನು ಎಪ್ಪತ್ತೆರಡರಿಂದ ಭಾಗಿಸಿದರೆ 0.4 ಮಿಲಿಮೀಟರು, ಹೊಲಿಗೆ ಸೂಜಿಯ ಮೊನೆಯಷ್ಟು. ಸೂಜಿಯನ್ನು ಬೆರಳ ನಡುವೆ ತಿರುಗಿಸುತ್ತ, ಉಸಿರು ಹಿಡಿದು ಆ ರಂಧ್ರವನ್ನು ಕೊರೆಯುವ ಹುಡುಗನು ಅದು ಯಾವುದರ ಬಾಯಿ ಎಂದು ಮರೆಯಲಾರ. ಜಾತ್ರೆಯ ತಗಡಿನ ವಿಮಾನವನ್ನು ಹಿಡಿದು ಬಾಯಲ್ಲಿ ಗುಂಡಿನ ಸದ್ದು ಮಾಡುತ್ತ ಓಡುವ ಮಗುವಿಗೆ ಆ ಅರಿವಿಲ್ಲ. ಚಾಲಕನ ಆಸನದಲ್ಲಿ ಕೂರಿಸುವ ಮನುಷ್ಯಾಕೃತಿಯ ಎತ್ತರ, ನಿಂತರೆ, ಇಪ್ಪತ್ತನಾಲ್ಕು ಮಿಲಿಮೀಟರು. ಸೇಬರ್‌ನಲ್ಲಿ ಕೂರಿಸುವವನ ಎತ್ತರವೂ ಅಷ್ಟೇ. ಇಬ್ಬರ ಮುಖಕ್ಕೂ ಒಂದೇ ಬಟ್ಟಲಿನ ಬಣ್ಣ ಸಾಕಾಗುತ್ತದೆ.

ಕೊನೆಯಲ್ಲಿ ಗಾಲಿಗಳು, ಬಾಗಿಲುಗಳು, ಮೂತಿಯ ಸೂಕ್ಷ್ಮ ಕಡ್ಡಿ. ನ್ಯಾಟ್‌ನ ಗಾಲಿಗಳ ಬಾಗಿಲುಗಳು ಹಾರಾಟದಲ್ಲಿ ಅರ್ಧ ತೆರೆದಾಗ ವೇಗ ತಗ್ಗಿಸುವ ತಡೆಗಳಾಗಿಯೂ ಕೆಲಸ ಮಾಡುತ್ತಿದ್ದವು. ಆದ್ದರಿಂದ ಅವುಗಳ ಕೋನವನ್ನು ಛಾಯಾಚಿತ್ರ ನೋಡಿಯೇ ನಿಶ್ಚಯಿಸಬೇಕು. ಮುಗಿದ ಪ್ರತಿಕೃತಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಕೂಡದು. ಬಿಸಿಲಿಗೆ ಗುರುತುಚಿತ್ರಗಳ ಪೊರೆ ಹಳದಿಗಟ್ಟುತ್ತದೆ; ನಮ್ಮ ಬೇಸಿಗೆಯಲ್ಲಿ ತೆಳುವಾದ ಭಾಗಗಳು ಬಾಗುವುದೂ ಉಂಟು. ಗಾಜಿನ ಬೀರುವಿದ್ದರೆ ಉತ್ತಮ. ಇಲ್ಲವಾದರೆ ವಾರಕ್ಕೊಮ್ಮೆ ಒಣಗಿದ ಮೃದು ಕುಂಚದಿಂದ ಧೂಳನ್ನು ಮೂತಿಯಿಂದ ಬಾಲದ ಕಡೆಗೆ, ಗಾಳಿ ಹರಿಯುವ ದಿಕ್ಕಿನಲ್ಲಿ, ತೆಗೆಯಬೇಕು. ಕಪಾಟಿನಲ್ಲಿ ಸ್ಥಳವಿದ್ದರೆ ಅದೇ ಪ್ರಮಾಣದ ಸೇಬರ್ ಒಂದನ್ನು ಪಕ್ಕದಲ್ಲಿ ನಿಲ್ಲಿಸಬಹುದು. ರೆಕ್ಕೆ ರೆಕ್ಕೆ ತಾಗದಂತೆ ನಡುವೆ ನಾಲ್ಕು ಬೆರಳು ಅಂತರವಿರಲಿ.